ಕ್ಯಾತಣ್ಣನ ಕಂಬಳಿಯ ಎರಡು ಬಾಗಿಲು

ಮಧುಗಿರಿಯಲ್ಲಿ ಕುರಿಮಂದೆ ಎದುರಾದರೆ ಪಕ್ಕದ ಗಲ್ಲಿಗೆ ತಿರುಗಿಬಿಡುವ ಮನುಷ್ಯ ಒಬ್ಬನೇ ಇದ್ದ: ಬಸ್‌ಸ್ಟ್ಯಾಂಡಿನ ಹಿಂದುಗಡೆಯ ಕುಶನ್ ಅಂಗಡಿಯ ಮಾರಣ್ಣ. ಕುರಿ ಎಲ್ಲಿ ಹಾಯುತ್ತದೋ ಎಂದು ಹೆದರುವವರನ್ನು ನಾವು ನೋಡಿದ್ದೇವೆ. ಇವನಿಗೆ ಕುರಿ ಎಲ್ಲಿ ನೋಡಿಬಿಡುತ್ತದೋ ಎಂಬ ಹೆದರಿಕೆ. ಕುರಿಯ ಮುಖದಲ್ಲಿ ಹುಟ್ಟಿನಿಂದಲೇ ‘ನಂಗೆಲ್ಲಾ ಗೊತ್ತು, ಇರ್ಲಿ ಬುಡು’ ಎಂಬಂಥ ಒಂದು ಕಳೆ ಇರುತ್ತದೆ. ತಪ್ಪು ಮಾಡದವರ ಕಣ್ಣಿಗೆ ಅದು ಪೆದ್ದುತನ. ಮಾರಣ್ಣನ ಕಣ್ಣಿಗೆ 1982ನೇ ಇಸವಿಯ ಮಾಘಮಾಸದಿಂದ ಅದು ಹಾಗೆ ಕಾಣುವುದು ನಿಂತುಹೋಗಿತ್ತು.

ಅವನು ಹುಟ್ಟಿದ್ದು ಪುರವರದ ಮಗ್ಗುಲ ಒಂದು ಸಣ್ಣ ಹಟ್ಟಿಯಲ್ಲಿ, ಕಂಬಳಿ ನೇಯುವವರ ಮನೆಯಲ್ಲಿ. ಅಪ್ಪ ಕ್ಯಾತಣ್ಣ ಬೆಳಿಗ್ಗೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರೆ ಹೊತ್ತು ಮುಳುಗುವ ತನಕ ಮೇಲೆತ್ತುತ್ತಿರಲಿಲ್ಲ. ಅವನು ನೇಯ್ದ ಕಂಬಳಿಗೆ ನೀರು ಹೊಯ್ದರೆ ಕೆರೆಯಂತೆ ನಿಲ್ಲುತ್ತದೆ ಎಂದು ಸುತ್ತಲ ಊರುಗಳಲ್ಲಿ ಮಾತಿತ್ತು. ನಂಬದೆ ಹೊಯ್ದು ನೋಡಿ ಒಪ್ಪಿಕೊಂಡವರೂ ಇದ್ದರು. ಪ್ರತಿ ಕಂಬಳಿಯ ಒಂದು ಮೂಲೆಯಲ್ಲಿ ಒಂದೇ ಒಂದು ಬಿಳಿ ಎಳೆ ಸೇರಿಸುವುದು ಅವನ ರೂಢಿ. ಯಾಕೆಂದು ಕೇಳಿದರೆ ದೃಷ್ಟಿಗೆ ಎನ್ನುತ್ತಿದ್ದ. ಅವನದು ಇನ್ನೊಂದು ಕಟ್ಟಪ್ಪಣೆಯೂ ಇತ್ತು. ಉಣ್ಣೆಗೆ ಕತ್ತರಿ ತಾಗುವುದು ಕುರಿಯ ಮೈಮೇಲೆ ಒಂದೇ ಸಲ. ಕಂಬಳಿಯಾದ ಮೇಲೆ ತಾಗಕೂಡದು. ಹರಿದರೆ ಹೊಲಿ, ಸವೆದರೆ ದನಕ್ಕೆ ಹೊದಿಸು, ಕತ್ತರಿಸಬೇಡ.

ಮಗನಿಗೆ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂರುವ ಬಾಳು ಹಿಡಿಸಲಿಲ್ಲ. ಹದಿನಾರಕ್ಕೇ ಶಿರಾಕ್ಕೆ ಓಡಿಹೋಗಿ, ಬಸ್ಸುಗಳಿಗೆ ಸೀಟು ಹೊಲಿಯುವ ಒಬ್ಬ ಉಸ್ತಾದರ ಬಳಿ ಸೇರಿಕೊಂಡ. ಆರು ವರ್ಷದ ಮೇಲೆ ಬಂದಾಗ ಅವನ ಬಳಿ ಒಂದು ದೊಡ್ಡ ಕತ್ತರಿಯೂ ‘ಕುಶನ್’ ಎಂಬ ಹೊಸ ಪದವೂ ಇದ್ದವು. ಹಾಗೆಂದರೇನು ಎಂದು ಅಪ್ಪ ಕೇಳಿದ. ಕೂರುವುದಕ್ಕೆ ಹಾಕುವ ಮೆತ್ತೆ ಎಂದು ಮಗ ಹೇಳಿದ. ಜನಕ್ಕೆ ಕೂರೋಕೆ ಕಂಬಳಿ ಸಾಕಾಗಲಿಲ್ಲವೇ ಎಂದು ಕ್ಯಾತಣ್ಣ ಬಹಳ ಹೊತ್ತು ಯೋಚಿಸಿ, ಮತ್ತೆ ಗುಂಡಿಗೆ ಕಾಲಿಳಿಬಿಟ್ಟ. ಅವನು ತೀರಿಕೊಂಡ ವರ್ಷವೇ ಮಗ್ಗ ಸೌದೆಯಾಯಿತು.

ಮಾರಣ್ಣ ಒಳ್ಳೆಯ ಕೆಲಸಗಾರ. ದೋಷ ಒಂದೇ: ‘ಆಗಲ್ಲ’ ಎಂಬ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಟ್ರಾಕ್ಟರಿಗೆ ಮೆತ್ತೆ, ಕ್ಷೌರದ ಕುರ್ಚಿಗೆ ತಲೆದಿಂಬು, ಹಾರ್ಮೋನಿಯಂಗೆ ಕೋಟು, ಏನು ಕೇಳಿದರೂ ‘ಮಾಡಾನ ಬುಡಿ’ ಎನ್ನುವನು. ಹೇಗೆ ಮಾಡುವುದೆಂದು ಯೋಚಿಸಲು ಕೂರುತ್ತಿದ್ದುದು ಗಿರಾಕಿ ಹೋದ ಮೇಲೆ. ಬರೆಯುವ ಕೆಲಸದವರಲ್ಲೂ ಈ ರೋಗ ಉಂಟು; ಆದರೆ ನಮ್ಮ ತಪ್ಪಿಗೆ ಯಾರ ಕಂಬಳಿಯೂ ಹಾಳಾಗುವುದಿಲ್ಲ, ಅಷ್ಟೇ.

ಅಂಥ ಒಬ್ಬ ಗಿರಾಕಿ ಶಂಕರಲಿಂಗಪ್ಪನವರು, ಕೊರಟಗೆರೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟವರು. ಅರವತ್ತು ದಾಟಿದವರಿಗೆ ಕಾಶಿಗೆ ಹೋಗುವ ಮನಸ್ಸಾಗುವುದುಂಟು. ಇವರಿಗೆ ಬೆಂಗಳೂರಿನ ಒಂದು ಹರಾಜಿಗೆ ಹೋಗುವ ಮನಸ್ಸಾಗಿ, ಅಲ್ಲಿಂದ ಯಾವನೋ ದೊರೆ ಬಿಟ್ಟುಹೋಗಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹಿಡಿದುಕೊಂಡು ಬಂದರು. ಕೆಂಪು ಬಣ್ಣ, ಎರಡೇ ಸೀಟು, ನೆತ್ತಿಗೆ ಬಟ್ಟೆಯ ಮುಚ್ಚಳ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಬೇರೆ ಕಾರಿಗೆ ಹತ್ತಿ ಕೂತರೆ ಇದಕ್ಕೆ ಇಳಿದು ಕೂರಬೇಕು. ಅವರ ಹೆಂಡತಿ ಒಮ್ಮೆ ಇಳಿದು ಕೂತರು. ಮೇಲೆತ್ತಲು ಮೂರು ಜನ ಬೇಕಾಯಿತು. ಆಮೇಲೆ ಆಕೆ ಅದರ ಸುದ್ದಿಗೆ ಹೋಗಲಿಲ್ಲ.

ಕಾರಿನ ಇಂಜಿನ್ನು ಗಟ್ಟಿಯಾಗಿತ್ತು. ಕೆಟ್ಟಿದ್ದುದು ಬಾಗಿಲಿನ ಒಳಮೈ. ಕಾರಿನ ಬಾಗಿಲಿನ ಹೊರಗೆ ತಗಡು, ಒಳಗೆ ಗಾಜು ಏರಿಸಿ ಇಳಿಸುವ ಸರಳು ಮತ್ತು ಹಲ್ಲುಚಕ್ರ ಇರುತ್ತವಲ್ಲ, ಆ ಕರುಳು ಕಾಣದಂತೆ ಮುಚ್ಚುವ ಹಲಗೆಗೆ ಪ್ಯಾನಲ್ಲು ಎನ್ನುತ್ತಾರೆ. ಇದರದ್ದು ರಟ್ಟಿನದು. ಅರ್ಧ ನೆನೆದು ಊದಿಕೊಂಡಿತ್ತು, ಉಳಿದರ್ಧ ಗೆದ್ದಲಿನ ಹೊಟ್ಟೆ ಸೇರಿತ್ತು. ಶಂಕರಲಿಂಗಪ್ಪನವರು ಮಧುಗಿರಿಗೆ ಬಂದು, ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಪರದೇಶದ ಪತ್ರಿಕೆಯನ್ನು ಮಾರಣ್ಣನ ಮುಂದೆ ಬಿಡಿಸಿದರು.

“ನೋಡಯ್ಯ, ಇದು ಕಾರ್ಬನ್ ಫೈಬರ್ ಅಂತೆ. ಇದ್ದಲಿನ ದಾರ. ಕರೀ ನೂಲು ನೇಯ್ದು, ಅಂಟು ಕುಡಿಸಿ, ಅಚ್ಚಿನ ಮೇಲೆ ಒಣಗಿಸ್ತಾರೆ. ಕಬ್ಬಿಣದಷ್ಟು ಗಟ್ಟಿ, ಗರಿಯಷ್ಟು ಹಗುರ. ರೇಸಿಗೆ ಬಿಡೋ ಕಾರಿಗೆಲ್ಲ ಇನ್ನು ಮುಂದೆ ಇದೇ ಅಂತೆ.”

ಮಾರಣ್ಣ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಕರಿಯ ನೇಯ್ಗೆ, ಒತ್ತಾದ ಹಾಸುಹೊಕ್ಕು. ಎಲ್ಲೋ ನೋಡಿದಂತಿತ್ತು. ಎಲ್ಲಿ ಎಂದು ನೆನಪಾದಾಗ ಅವನಿಗೆ ನಗು ಬಂತು. ಕಂಬಳಿಯ ನೂಲನ್ನು ಮಗ್ಗಕ್ಕೆ ಏರಿಸುವ ಮುಂಚೆ ಹುಣಸೆ ಬೀಜದ ಅಂಟು ಸವರುತ್ತಾರೆ. ಹೊಸ ಕಂಬಳಿ ಗೋಡೆಗೆ ಒರಗಿಸಿದರೆ ಒಂದು ವಾರ ಹಲಗೆಯಂತೆ ನಿಂತೇ ಇರುತ್ತದೆ.

“ಅದೇನ್ ಮಹಾ ಬುದ್ಧೀ,” ಎಂದ. “ಕರೀ ನೂಲು, ಅಂಟು. ನಮ್ಮಪ್ಪ ಸಾಯೋಗಂಟ ಅದ್ನೇ ಮಾಡ್ಕಂಡಿದ್ದ. ಫಾರಿನ್ನೋರ್ಗೆ ಈಗ ತಿಳೀತು ಅಷ್ಟೇ. ನಾನ್ ಮಾಡ್ಕೊಡ್ತೀನಿ ಬುಡಿ.”

ಶಂಕರಲಿಂಗಪ್ಪನವರು ನಂಬಿದರು. ಹುಣಸೆ ಬೀಜ ಬೇಕಾದಷ್ಟು ತಮ್ಮ ಮಂಡಿಯಲ್ಲೇ ಬಿದ್ದಿದೆ ಎಂದು ಒಂದು ಚೀಲ ಕಳಿಸಿಯೂ ಕೊಟ್ಟರು. ಷರತ್ತು ಒಂದೇ: ಹೊಸ ಪ್ಯಾನಲ್ಲು ಹಳೆಯದಕ್ಕಿಂತ ಒಂದು ತೊಲವೂ ಹೆಚ್ಚು ತೂಗಬಾರದು. ತೂಕದ ಮನುಷ್ಯ, ಹೆಂಡತಿಯನ್ನು ಕಾರಿನಲ್ಲಿ ಕೂರಿಸದಿದ್ದುದಕ್ಕೂ ಈ ತತ್ವವೇ ಕಾರಣವೆಂದು ಮಂಡಿಯ ಹಮಾಲರು ಆಡಿಕೊಳ್ಳುತ್ತಿದ್ದರು.

ಮಾರಣ್ಣ ಕೆರೆಯ ಜೇಡಿಮಣ್ಣು ತಂದು, ಬಾಗಿಲಿನ ಒಳಮೈಗೆ ಒತ್ತಿ ಅಚ್ಚು ತೆಗೆದ. ಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ಕುದಿಸಿ ಅಂಟು ಮಾಡಿದ. ದೊಡ್ಡೇರಿ ಸಂತೆಯಲ್ಲಿ ಒಂದು ಹೊಸ ಕರಿಯ ಕಂಬಳಿ ಕೊಂಡು ಕತ್ತರಿಸಿ ಅಚ್ಚಿನ ಮೇಲೆ ಹಾಸಿದ. ಮೂರು ದಿನ ಬಿಸಿಲಿಗಿಟ್ಟು ತೆಗೆದರೆ ಬಂದದ್ದು ಕರಿಯ ಬಣ್ಣದ ಒಂದು ಸಿಹಿಗುಂಬಳ. ನೇಯ್ಗೆ ಸಡಿಲ, ಅಂಟೆಲ್ಲ ಹೀರಿಕೊಂಡು ಊದಿಕೊಂಡಿತ್ತು, ಮೇಲೆ ಕೂದಲು ನಿಗುರಿ ನಿಂತಿತ್ತು. ತೂಕ ನೋಡಲೇ ಬೇಕಾಗಿರಲಿಲ್ಲ. ಇನ್ನೊಂದು ಕಂಬಳಿ ತಂದ. ಅದನ್ನು ಕತ್ತರಿಸುವ ಮೊದಲೇ ಬೆರಳಲ್ಲಿ ತಿಕ್ಕಿ ನೋಡಿ, ಇದೂ ಅದರ ತಮ್ಮನೇ ಎಂದು ಮಡಿಸಿ ಅಟ್ಟಕ್ಕೆ ಹಾಕಿದ.

ಬೇಕಾಗಿದ್ದುದು ಕ್ಯಾತಣ್ಣನ ನೇಯ್ಗೆ. ಕ್ಯಾತಣ್ಣನ ಕಂಬಳಿಗಳಲ್ಲಿ ಗಟ್ಟಿಯಾಗಿ ಉಳಿದಿದ್ದುದು ಒಂದೇ. ಅದು ಹಟ್ಟಿಯಲ್ಲಿ, ಮಾರಣ್ಣನ ಅಕ್ಕ ಕರಿಯಕ್ಕನ ಪೆಟ್ಟಿಗೆಯಲ್ಲಿತ್ತು.

ಅದನ್ನು ಯಾರೂ ಹೊದೆಯುತ್ತಿರಲಿಲ್ಲ. ಮರಿಗಳ ಮೊದಲ ಕತ್ತರಿಯ ಉಣ್ಣೆಯಲ್ಲಿ ಕ್ಯಾತಣ್ಣ ಮಗಳ ಮದುವೆಗೆಂದು ನೇಯ್ದದ್ದು ಅದು. ಹಟ್ಟಿಯವರಲ್ಲಿ ಹೆಣ್ಣುಗಂಡು ಹಸೆಗೆ ಕೂರುವುದು ಕಂಬಳಿಯ ಮೇಲೆ. ಹಾಸುವವನು ಹೆಣ್ಣಿನ ಸೋದರಮಾವ. ಕರಿಯಕ್ಕನ ಮದುವೆಯಾದ ಮೇಲೆ ಹಟ್ಟಿಯ ಪ್ರತಿ ಮದುವೆಗೂ ಅದೇ ಕಂಬಳಿಯನ್ನು ಕೇಳಿ ಒಯ್ಯುವುದು ರೂಢಿಯಾಗಿತ್ತು. ಅದರ ಮೇಲೆ ಕೂತವರ ಮಕ್ಕಳು ಅದರ ಮೇಲೆ ಕೂತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ಮಾರಣ್ಣ ಹಟ್ಟಿಗೆ ಹೋದ. ನಿಜ ಹೇಳಿದರೆ ಅಕ್ಕ ಕೊಡುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು, ಹೆಂಡತಿ ಹೊನ್ನಕ್ಕನಿಗೆ ಚಳಿಜ್ವರ, ಏನು ಹೊದಿಸಿದರೂ ನಡುಕ ನಿಲ್ಲುತ್ತಿಲ್ಲ, ಅಪ್ಪನ ಕಂಬಳಿಯ ಕಾವಿಗೆ ನಿಲ್ಲಬಹುದೇನೋ ಎಂದ. ಸುಳ್ಳಿನಲ್ಲಿ ನುರಿತ ನಮ್ಮಂಥವರಿಗೆ ಗೊತ್ತು, ಅದಕ್ಕೆ ವಿವರ ಕಡಿಮೆ ಹಾಕಬೇಕು. ಮಾರಣ್ಣ ಹೊಸಬ. ಮೂರು ದಿನದಿಂದ ಗಂಜಿಯನ್ನೂ ಕುಡಿದಿಲ್ಲ, ರಾತ್ರಿಯೆಲ್ಲ ಕನವರಿಕೆ, ನಿನ್ನ ಹೆಸರನ್ನೇ ಕನವರಿಸುತ್ತಾಳೆ ಎಂದೂ ಸೇರಿಸಿಬಿಟ್ಟ.

ಕರಿಯಕ್ಕ ನೇರ ಒಳಗೆ ಹೋಗಿ ಪೆಟ್ಟಿಗೆ ತೆಗೆದಳು.

ಮಾರನೆಯ ದಿನ ನೆತ್ತಿಯ ಮೇಲೆ ಸೂರ್ಯ ಇರುವಾಗ ಮಾರಣ್ಣ ಅಂಗಡಿಯ ಬಾಗಿಲು ಹಾಕಿಕೊಂಡು ಕಂಬಳಿಯನ್ನು ಹಾಸಿದ. ಅರಿಶಿನದ ಕಲೆಗಳಿದ್ದವು, ಅಕ್ಕಿಯ ಕಾಳೊಂದು ನೇಯ್ಗೆಯೊಳಗೆ ಸಿಕ್ಕಿಕೊಂಡಿತ್ತು. ಕತ್ತರಿಯನ್ನು ಎತ್ತಿ, ಇಟ್ಟು, ನೀರು ಕುಡಿದು ಬಂದ. ಒಂದು ಮೂಲೆ ಕತ್ತರಿಸಿದರೆ ಮತ್ತೆ ಯೋಚಿಸಬೇಕಾದ್ದೇ ಇರುವುದಿಲ್ಲ ಎಂದು ಕಣ್ಣು ಮುಚ್ಚಿಕೊಂಡು ಕತ್ತರಿಸಿದ. ಅದು ನಿಜವಾಯಿತು. ಬಾಗಿಲೊಂದಕ್ಕೆ ಮೂರು ಪದರ, ಎರಡಕ್ಕೆ ಆರು, ಕಂಬಳಿ ಮುಗಿದೇಹೋಯಿತು. ಬಿಳಿ ಎಳೆಯ ಮೂಲೆಯನ್ನು ಒಳಪದರಕ್ಕೆ ಹಾಕಿ ಮರೆಮಾಡಬಹುದಿತ್ತು. ಕೈ ಬರಲಿಲ್ಲ. ಅಪ್ಪನದು ಅಷ್ಟಾದರೂ ಕಾಣಲಿ ಎಂದು ಎಡಬಾಗಿಲಿನ ಮೇಲ್ಪದರದಲ್ಲಿ, ಗಾಜು ಇಳಿಸುವ ಹಿಡಿಯ ತೂತಿನ ಪಕ್ಕಕ್ಕೆ ಬರುವ ಹಾಗೆ ಇಟ್ಟ.

ಒಣಗಿಸಿ, ಮೇಲೆ ಮೂರು ಕೈ ವಾರ್ನಿಷ್ ಬಳಿದ ಮೇಲೆ ಮಾರಣ್ಣನಿಗೇ ನಂಬಲಾಗಲಿಲ್ಲ. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು. ಬಾಗಿಲಿನ ಉಬ್ಬುತಗ್ಗಿಗೆ ಚರ್ಮದಂತೆ ಕೂತಿತು. ಶಂಕರಲಿಂಗಪ್ಪನವರು ಮಂಡಿಯ ತಕ್ಕಡಿಯಲ್ಲಿ ಒಂದು ಕಡೆ ಹಳೆಯದನ್ನೂ ಇನ್ನೊಂದು ಕಡೆ ಹೊಸದನ್ನೂ ಇಟ್ಟರು. ಹೊಸದು ಮೇಲೇರಿತು. ಅದರ ಮೇಲೆ ಒಂದೊಂದೇ ಹುಣಸೆಹಣ್ಣು ಇಡುತ್ತಾ ಹೋಗಿ, ಮೂರು ಹಿಡಿಯಾದ ಮೇಲೆ ಮುಳ್ಳು ನೆಟ್ಟಗಾದಾಗ, ಹಮಾಲರ ಎದುರಿಗೇ ಮಾರಣ್ಣನ ಕೈ ಹಿಡಿದು ಕುಲುಕಿದರು. ಅಂಥ ಕೆಲಸವನ್ನು ಅವನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಜನ್ಮದ ಅತ್ಯುತ್ತಮ ಕೆಲಸವೂ ಜನ್ಮದ ಅತಿ ಕೆಟ್ಟ ಕೆಲಸವೂ ಒಂದೇ ಆಗಿಬಿಟ್ಟರೆ ಮನುಷ್ಯ ಹೆಮ್ಮೆ ಪಡುವುದು ಹೇಗೆ, ಅದನ್ನು ಶಿರಾದ ಉಸ್ತಾದರು ಕಲಿಸಿರಲಿಲ್ಲ.

ಒಂದು ತೊಡಕು ಮಾತ್ರ ಉಳಿಯಿತು. ಬಿಸಿಲೇರಿದರೆ ಕಾರಿನೊಳಗಿಂದ ಕುರಿಯ ವಾಸನೆ ಬರುತ್ತಿತ್ತು. ಐ.ಡಿ.ಹಳ್ಳಿಯ ಹತ್ತಿರ ಶಂಕರಲಿಂಗಪ್ಪನವರು ಕಾರು ನಿಲ್ಲಿಸಿ ಎಳನೀರು ಕುಡಿದು ಬರುವಷ್ಟರಲ್ಲಿ ಒಂದು ಮಂದೆ ಪೂರ್ತಿ ಕಾರನ್ನು ಸುತ್ತುಗಟ್ಟಿ ನಿಂತಿತ್ತಂತೆ. ಕುರುಬ ಎಷ್ಟು ಹೊಡೆದರೂ ಕದಲಲಿಲ್ಲವಂತೆ. ಇದನ್ನು ಅವರು ಬಹಳ ತಮಾಷೆಯಾಗಿ ಹೇಳಿಕೊಂಡು ನಕ್ಕರು. ಮಾರಣ್ಣ ನಗಲಿಲ್ಲ. ಗಲ್ಲಿಗೆ ತಿರುಗುವ ಅಭ್ಯಾಸ ಶುರುವಾದದ್ದು ಆ ದಿನದಿಂದ.

ಸುಳ್ಳು ಅಷ್ಟರಲ್ಲಿ ಬೇರು ಬಿಟ್ಟಿತ್ತು. ಕಂಬಳಿ ತಂದ ನಾಲ್ಕನೆಯ ದಿನಕ್ಕೆ ಕರಿಯಕ್ಕ ಕಂಕುಳಲ್ಲಿ ಒಂದು ನಾಟಿಕೋಳಿ ಇಟ್ಟುಕೊಂಡು ಬಸ್ಸಿನಿಂದಿಳಿದು ನೇರ ಮನೆಗೆ ಬಂದಳು. ರೋಗಿಗೆ ಕೋಳಿಸಾರು ಮಾಡಿ ಕುಡಿಸಬೇಕೆಂದು. ರೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಮಾರಣ್ಣ ಹಿಂದಿನಿಂದ ಕಣ್ಣು, ಹುಬ್ಬು, ಕೈ ಎಲ್ಲವನ್ನೂ ಆಡಿಸಿದ. ಹೊನ್ನಕ್ಕ ಬುದ್ಧಿವಂತೆ, ಏನೆಂದು ತಿಳಿಯದಿದ್ದರೂ ಗಂಡ ಏನೋ ಮಾಡಿಕೊಂಡಿದ್ದಾನೆ ಎಂದು ತಿಳಿಯಿತು. ಒನಕೆ ಬಿಟ್ಟು ಗೋಡೆಗೆ ಒರಗಿ ನರಳಿದಳು. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರೂ ಇತ್ತು, ಅದೂ ಕೆಲಸಕ್ಕೆ ಬಂತು.

ಜ್ವರದಲ್ಲಿ ಕುಟ್ಟೋಕೆ ಹಚ್ಚಿದ್ದೀಯಲ್ಲ ಎಂದು ಕರಿಯಕ್ಕ ತಮ್ಮನನ್ನು ಬೈದಳು. ಅವನ ಜನ್ಮದಲ್ಲಿ ಅಷ್ಟು ಹಿತವಾದ ಬೈಗುಳ ಅವನು ಕೇಳಿರಲಿಲ್ಲ. ಕಂಬಳಿ ಎಲ್ಲೆಂದು ಅವಳು ಕೇಳಿದ್ದಕ್ಕೆ, ಬೆವರಿಗೆ ನೆನೆದಿತ್ತು, ಅಂಗಡಿಯ ಹತ್ತಿರ ಬಿಸಿಲಿಗೆ ಹಾಕಿದ್ದೇನೆ ಎಂದ. ಆ ಸಂಜೆ ಅಕ್ಕ ಹೋದ ಮೇಲೆ ಹೊನ್ನಕ್ಕನಿಗೆ ಎಲ್ಲವನ್ನೂ ಹೇಳಿದ. ಅವಳು ಕೋಳಿಯ ಕಾಲೊಂದನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದವಳು ಅದನ್ನು ತಟ್ಟೆಗೆ ವಾಪಸ್ಸಿಟ್ಟಳು.

“ನಂಗೆ ನಿಜ್ವಾಗ್ಲೂ ಜ್ವರ ಬಂದಿದ್ರೆ ಚೆನ್ನಾಗಿತ್ತು ಕಣಯ್ಯ,” ಎಂದಳು.

ಅಲ್ಲಿಗೆ ನಿಲ್ಲಲಿಲ್ಲ. ಹೊನ್ನಿಯ ಜ್ವರ ಬಿಟ್ಟರೆ ಬರಿಗಾಲಲ್ಲಿ ನಡೆದುಬಂದು ಹಣ್ಣುಕಾಯಿ ಮಾಡಿಸುತ್ತೇನೆ ಎಂದು ಕರಿಯಕ್ಕ ದಂಡಿನ ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ಇಲ್ಲದ ಜ್ವರ ಬಿಡದೆ ಇನ್ನೇನು ಮಾಡೀತು? ಫಾಲ್ಗುಣದ ಬಿಸಿಲಿನಲ್ಲಿ ಹಟ್ಟಿಯಿಂದ ಮಧುಗಿರಿಗೆ ನಡೆದು, ದೇವಿಗೆ ಒಪ್ಪಿಸಿ, ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತಳು. ಮಾರಣ್ಣ ಅವಳ ಕಾಲಿಗೆ ನೀರು ಹೊಯ್ದ. ಪಾದದ ತುಂಬ ಬೊಬ್ಬೆ. ಎರಡು ಒಡೆದಿದ್ದವು. ಅವನು ಚೊಂಬು ಹಿಡಿದು ಬಾಯಿ ತೆರೆದ. ಈಗ ಹೇಳಿಬಿಡುತ್ತೇನೆ ಎಂದುಕೊಂಡ. ಬಾಯಿಂದ ಬಂದದ್ದು, ಕಾಫಿ ಕುಡಿಯುತ್ತೀಯಾ ಅಕ್ಕ, ಎಂಬ ಮಾತು.

ಕಾಫಿ ಕುಡಿಯುತ್ತಾ ಅವಳು ಸುದ್ದಿ ಹೇಳಿದಳು. ಮಗಳು ರಂಗಿಗೆ ಗಂಡು ಗೊತ್ತಾಗಿತ್ತು. ವೈಶಾಖದಲ್ಲಿ ಮದುವೆ. ಹೊನ್ನಿ ಹೇಗೂ ಚೇತರಿಸಿಕೊಂಡಳಲ್ಲ, ಕಂಬಳಿಯನ್ನು ಬಿಸಿಲಿಗೆ ಹಾಕಿ, ಬರುವಾಗ ನೀನೇ ತಗೊಂಡು ಬಾ, ಹಾಸೋನು ನೀನೇ ಅಲ್ಲವೇ ಎಂದಳು.

ಅಲ್ಲಿಂದ ವೈಶಾಖದ ತನಕ ಮಾರಣ್ಣ ಹೊಲಿದ ಸೀಟುಗಳೆಲ್ಲ ಒಂದು ಕಡೆ ವಾಲಿದವು. ಮೂರು ಸಲ ಹಟ್ಟಿಗೆಂದು ಬಸ್ಸು ಹತ್ತಿ ದಾರಿಯಲ್ಲೇ ಇಳಿದ. ಕೊನೆಗೆ, ಹೇಡಿಗಳು ಮಾಡುವುದನ್ನೇ ಮಾಡಿದ. ಅಟ್ಟಕ್ಕೆ ಹಾಕಿದ್ದ ಸಂತೆಯ ಕಂಬಳಿಯನ್ನು ಇಳಿಸಿ, ಬೂದಿ ತಿಕ್ಕಿ, ಕಲ್ಲಿಗೆ ಉಜ್ಜಿ, ಅರಿಶಿನದ ನೀರು ಚಿಮುಕಿಸಿ ಹಳತು ಮಾಡಿದ. ಸೂಜಿಯಲ್ಲಿ ಒಂದು ಬಿಳಿ ಎಳೆಯನ್ನೂ ಒಂದು ಮೂಲೆಯಲ್ಲಿ ಹೊಲಿದ. ಅಪ್ಪನ ಹೆಸರಿಗೆ ಕಳ್ಳ ಸಹಿ ಹಾಕಿದಂತಾಯಿತು.

ಮದುವೆಯ ದಿನ ಬೆಳಿಗ್ಗೆ ಚಪ್ಪರದಡಿ ಜನ ಸೇರಿದ್ದರು. ಮಾರಣ್ಣ ಕಂಬಳಿಯನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ಆದಷ್ಟು ಕತ್ತಲಿದ್ದ ಮೂಲೆಯಲ್ಲಿ ನಿಂತಿದ್ದ. ಕರೆದ ಕೂಡಲೇ ಹಾಸಿ, ಮೇಲೆ ಹೆಣ್ಣುಗಂಡು ಕೂತುಬಿಟ್ಟರೆ ಮುಗಿಯಿತು. ಅಷ್ಟರಲ್ಲಿ ಊರ ಬಾಗಿಲ ಕಡೆಯಿಂದ ಇಂಜಿನ್ನಿನ ಸದ್ದು ಬಂತು. ಅದನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಹಟ್ಟಿಯ ಯಜಮಾನ ಮುದ್ದಪ್ಪ ತನ್ನ ಮರಗಳ ಹುಣಸೆಹಣ್ಣನ್ನು ವರ್ಷವರ್ಷವೂ ಶಂಕರಲಿಂಗಪ್ಪನವರ ಮಂಡಿಗೇ ಹಾಕುವವನು, ಮದುವೆಗೆ ಕರೆದಿದ್ದ. ಕೆಂಪು ಕಾರು ಧೂಳೆಬ್ಬಿಸಿಕೊಂಡು ಬಂದು ಚಪ್ಪರದ ಮುಂದೆಯೇ ನಿಂತಿತು.

ಶಂಕರಲಿಂಗಪ್ಪನವರು ಬಲಗಡೆಯಿಂದ ಮೇಲೆದ್ದರು. ಎಡಗಡೆಯ ಸೀಟಿನಲ್ಲಿ ಅವರು ತಂದ ಬಾಳೆಗೊನೆ ಕೂತಿತ್ತು. ಅದನ್ನು ಇಳಿಸಿಕೊಳ್ಳಲು ಹೆಣ್ಣಿನ ತಾಯಿಯಾಗಿ ಕರಿಯಕ್ಕನೇ ಮುಂದೆ ಬಂದು ಎಡಬಾಗಿಲನ್ನು ತೆರೆದಳು.

ಅವಳ ಕೈ ಬಾಗಿಲಿನ ಒಳಮೈಗೆ ತಾಗಿ ಅಲ್ಲೇ ನಿಂತಿತು. ಬಗ್ಗಿ ನೋಡಿದಳು. ಹತ್ತಿರಕ್ಕೆ ಮೂಗು ತಂದು ಮೂಸಿದಳು. ಗಾಜಿನ ಹಿಡಿಯ ಪಕ್ಕದಲ್ಲಿದ್ದ ಬಿಳಿ ಎಳೆಯ ಮೇಲೆ ಉಗುರನ್ನು ಆಡಿಸಿದಳು. ಆಮೇಲೆ ತಿರುಗಿ ಚಪ್ಪರದ ಮೂಲೆಯನ್ನು, ತಮ್ಮನ ತೋಳಿನ ಮೇಲಿದ್ದ ಕಂಬಳಿಯನ್ನು, ಅವನ ಮುಖವನ್ನು, ಅದೇ ಕ್ರಮದಲ್ಲಿ ನೋಡಿದಳು. ಬಾಳೆಗೊನೆಯನ್ನು ಕೆಳಗಿಳಿಸಿ, ಸೆರಗು ಸರಿಮಾಡಿಕೊಂಡು ಅವನ ಹತ್ತಿರ ಬಂದು ನಿಂತಳು.

“ಲೇ ಮಾರ,” ಎಂದಳು ಮೆಲ್ಲಗೆ. “ಸ್ಕ್ರೂ ಬಿಚ್ಚೋದು ತಂದಿದ್ದೀಯೇನ್ಲಾ?”

ಮಾರಣ್ಣ ತಂದಿರಲಿಲ್ಲ. ಶಂಕರಲಿಂಗಪ್ಪನವರ ಕಾರಿನಲ್ಲಿತ್ತು. ಅವರಿಗೆ ವಿಷಯ ತಿಳಿದಾಗ ಮೊದಲು ನಗು ಬಂತು, ಆಮೇಲೆ ಕರಿಯಕ್ಕನ ಮುಖ ನೋಡಿ ನಗು ಹೋಯಿತು. ಸ್ಕ್ರೂಡ್ರೈವರನ್ನು ತಾವೇ ತೆಗೆದುಕೊಟ್ಟರು. ಎರಡು ಊರಿನ ನೆಂಟರು ನೋಡುತ್ತಿರುವಾಗ, ಓಲಗದವರು ಊದುವುದನ್ನು ನಿಲ್ಲಿಸಿ ನೋಡುತ್ತಿರುವಾಗ, ಸೋದರಮಾವ ಮಂಡಿಯೂರಿ ಕೂತು ಕಾರಿನ ಬಾಗಿಲಿನಿಂದ ಕಂಬಳಿ ಬಿಚ್ಚಿದ. ಬಾಗಿಲೊಂದಕ್ಕೆ ಹನ್ನೊಂದು ಸ್ಕ್ರೂ. ಅಷ್ಟು ಭದ್ರವಾಗಿ ಕೂರಿಸಿದ್ದಕ್ಕೆ ಅವನು ತನ್ನನ್ನೇ ಶಪಿಸಿಕೊಂಡ.

ಗಂಡಿನ ಕಡೆಯ ಒಬ್ಬ ಹಿರಿಯ ಇದು ಕಂಬಳಿ ಹೇಗಾದೀತು, ಹಲಗೆಯಲ್ಲವೇ ಎಂದು ಆಕ್ಷೇಪ ಎತ್ತಿದ. ಎಲ್ಲರೂ ಮುದ್ದಪ್ಪನ ಕಡೆ ನೋಡಿದರು. ಮುದ್ದಪ್ಪ ಪ್ಯಾನಲ್ಲನ್ನು ತಟ್ಟಿ, ಮೂಸಿ, ಬಿಳಿ ಎಳೆ ನೋಡಿ, ತೀರ್ಪು ಕೊಟ್ಟ.

“ಕಂಬ್ಳಿ ಮ್ಯಾಲೆ ಕೂರ್ಬೇಕು ಅಂತೈತೆ. ಕಂಬ್ಳಿ ಮೆತ್ತಗಿರ್ಬೇಕು ಅಂತ ಹಿರೀಕರು ಎಲ್ಲೂ ಅಂದಿಲ್ಲ. ಕ್ಯಾತಣ್ಣನ ನೇಯ್ಗೆ ಇದು. ಹಾಸ್ಲಾ ಮಾರ.”

ಮಾರಣ್ಣ ಹಾಸಿದ. ಹಾಸುವುದೇನು, ಇಟ್ಟ. ಬಲಬಾಗಿಲಿನ ಮೇಲೆ ಗಂಡು, ಎಡಬಾಗಿಲಿನ ಮೇಲೆ ರಂಗಿ. ಉಬ್ಬಿದ ಹಲಗೆಯಾದ್ದರಿಂದ ಧಾರೆಯ ಉದ್ದಕ್ಕೂ ಗಂಡು ತೊಟ್ಟಿಲಂತೆ ತೂಗುತ್ತಿದ್ದ. ರಂಗಿ ಹಿಡಿಯ ತೂತು ತಪ್ಪಿಸಿ ಕೂರಲು ಮೂರು ಸಲ ಸರಿದಳು. ಅಕ್ಷತೆ ಹಾಕುವಾಗ ನೆಂಟರ ಕಡೆ ಯಾರೋ ಗಾಡಿ ಹೊರಡ್ತು ಎಂದರು, ಚಪ್ಪರವೆಲ್ಲ ನಕ್ಕಿತು. ಮಾರಣ್ಣನೂ ನಕ್ಕಂತೆ ಮುಖ ಮಾಡಿದ. ಕರಿಯಕ್ಕ ನಗಲಿಲ್ಲ. ಶಂಕರಲಿಂಗಪ್ಪನವರು ಊಟ ಮುಗಿಸಿ, ಬಾಗಿಲಿನ ಕರುಳೆಲ್ಲ ಕಾಣುತ್ತಿದ್ದ ಕಾರಿನಲ್ಲಿ ಒಬ್ಬರೇ ವಾಪಸ್ಸಾದರು.

ಸಂಜೆ ಮುದ್ದಪ್ಪ ದಂಡವನ್ನೂ ಹೇಳಿದ. ಆ ಹಲಗೆಗಳು ಇರುವ ತನಕ ಹಟ್ಟಿಯಲ್ಲಿ ಯಾರ ಮದುವೆಯಾದರೂ ಮಾರಣ್ಣ ತಾನೇ ಬಿಚ್ಚಿ ತಂದು ಹಾಸಿ, ಮತ್ತೆ ತಾನೇ ಒಯ್ದು ಜೋಡಿಸಬೇಕು. ಕಾರಿನವರೂ ಇದಕ್ಕೆ ಒಪ್ಪಿದ್ದರು. ಮಾರಣ್ಣ ತಲೆಬಾಗಿ, ಆಯಿತು ಎಂದ. ಅಕ್ಕ ಏನಾದರೂ ಅನ್ನಲಿ ಎಂದು ಅಲ್ಲೇ ಕಾದ. ಜನ ಚದುರಿದ ಮೇಲೆ ಅವಳು ಪಾತ್ರೆ ಎತ್ತಿಡುತ್ತಾ ಅಂದಳು:

“ಕಂಬ್ಳಿ ಕೇಳಿದ್ರೆ ಕೊಡ್ತಿರ್ಲಿಲ್ಲ ಕಣ್ಲಾ. ಕದ್ದಿದ್ರೆ ಅತ್ತು ಸುಮ್ನಾಗ್ತಿದ್ದೆ. ಜ್ವರ ಅಂದ್ಯಲ್ಲ. ಆ ಹೊನ್ನಿ ಎಲ್ಲಿ ಸತ್ತೋಗ್ತಾಳೋ ಅಂತ ನಾನು ದಾರಿ ತುಂಬ ಮಾರಮ್ಮನ ಹೆಸ್ರು ಹೇಳ್ಕಂಡು ಬಂದೆ.”

ಅದಾದ ಮೇಲೆ ಐದು ವರ್ಷದಲ್ಲಿ ಹದಿನಾಲ್ಕು ಮದುವೆಯಾದವು. ಹದಿನಾಲ್ಕು ಸಲ ಮಾರಣ್ಣ ಕೊರಟಗೆರೆಗೆ ಹೋಗಿ ಇಪ್ಪತ್ತೆರಡು ಸ್ಕ್ರೂ ಬಿಚ್ಚಿ, ಎರಡು ಬಾಗಿಲನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಪಾವಗಡದ ಬಸ್ಸು ಹತ್ತಿದ. “ಏಂದಿ ಮಾರಣ್ಣ, ಮಳ್ಳೀ ಪೆಂಡ್ಲಿಯಾ?” ಎಂದು ಕಂಡಕ್ಟರು ತೆಲುಗಿನಲ್ಲಿ ಕೇಳುವನು. ಹೌದು, ಮತ್ತೆ ಮದುವೆ ಎಂದು ಮಾರಣ್ಣ ಹೇಳುವನು. ವೈಶಾಖದಲ್ಲಿ ಬಾಗಿಲಿನ ಕರುಳು ತೋರಿಸಿಕೊಂಡು ಓಡಾಡುವುದು ಶಂಕರಲಿಂಗಪ್ಪನವರಿಗೂ ಅಭ್ಯಾಸವಾಯಿತು. ಹಟ್ಟಿಯ ಹೊಸ ಪೀಳಿಗೆಯವರು ಮದುವೆಗೆ ಕಂಬಳಿಯೆಂದರೆ ತೂತಿರುವ ಹಲಗೆಯೇ ಎಂದು ತಿಳಿದುಕೊಂಡರು. ಪ್ರತಿ ಮದುವೆಯಲ್ಲೂ ಮಾರಣ್ಣ ಹಾಸಿ ಎದ್ದು ನಿಂತ ಕೂಡಲೇ, ಎಲ್ಲರಿಗೂ ಕೇಳುವ ಹಾಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಕರಿಯಕ್ಕ ಕೇಳುವಳು: “ಹೊನ್ನಿ ಜ್ವರ ಹೆಂಗೈತ್ಲಾ?” ಅದಕ್ಕಿಂತ ಹೆಚ್ಚಿನ ಮಾತು ಆ ಐದು ವರ್ಷ ಅವಳು ಅವನೊಂದಿಗೆ ಆಡಲಿಲ್ಲ. ತಮ್ಮನ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ.

1987ರ ಕಾರ್ತಿಕದಲ್ಲಿ ಹೊನ್ನಕ್ಕನಿಗೆ ನಿಜವಾಗಿಯೂ ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ಮಲೇರಿಯಾ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅವಳು ಹಲ್ಲು ಕಟಕಟನೆ ಕಡಿಯುತ್ತಾ, ಅಕ್ಕಯ್ಯನಿಗೆ ಹೇಳಿಕಳಿಸು ಎಂದಳು. ಆಮೇಲೆ ಕನವರಿಕೆಯಲ್ಲೂ ಅದನ್ನೇ ಅಂದಳು. ಮಾರಣ್ಣ ಯಾವ ಬಾಯಲ್ಲಿ ಹೇಳಿಕಳಿಸಿಯಾನು? ಹೊನ್ನಿಗೆ ಚಳಿಜ್ವರ, ನಿನ್ನ ಹೆಸರನ್ನೇ ಕನವರಿಸುತ್ತಾಳೆ. ಆ ವಾಕ್ಯವನ್ನು ಅವನು ಒಂದು ಸಲ ಬಳಸಿ ಮುಗಿಸಿದ್ದ.

ಮೂರನೆಯ ದಿನ ಹೊತ್ತೇರಿದಾಗ ಕರಿಯಕ್ಕ ತಾನಾಗಿ ಬಂದಳು. ಬಸ್ಸಿನವರು ಸುದ್ದಿ ಮುಟ್ಟಿಸಿದ್ದರು. ಕಂಕುಳಲ್ಲಿ ಕೋಳಿ ಇತ್ತು. ಕಾಲಲ್ಲಿ ಚಪ್ಪಲಿ ಇತ್ತು. ಮಾರಣ್ಣ ಅದನ್ನು ಗಮನಿಸಿದ. ತಮ್ಮನನ್ನು ದಾಟಿಕೊಂಡು ಒಳಗೆ ಹೋಗಿ, ಹೊನ್ನಕ್ಕನ ಹಣೆ, ಕತ್ತು, ಅಂಗಾಲು, ಮೂರನ್ನೂ ಸಂತೆಯಲ್ಲಿ ಕುರಿ ನೋಡುವವರಂತೆ ಮುಟ್ಟಿ ನೋಡಿದಳು.

“ಈ ಸಲ ಐತೆ,” ಎಂದಳು.

ಹೊನ್ನಕ್ಕನ ಮೇಲೆ ಎರಡು ಬೆಡ್‌ಶೀಟು, ಒಂದು ಹಳೆಯ ರಗ್ಗು ಇದ್ದವು. ನಡುಕ ನಿಂತಿರಲಿಲ್ಲ. ಇಷ್ಟೇನಾ ಹೊದಿಸೋಕೆ ಇರೋದು ಎಂದು ಕರಿಯಕ್ಕ ಸುತ್ತಲೂ ನೋಡಿದಳು. ಮಾರಣ್ಣ ಅಟ್ಟದ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ. ನೋಡದಿರಲು ಪ್ರಯತ್ನಪಡುವವನು ಎಲ್ಲಿ ನೋಡುತ್ತಿಲ್ಲ ಎಂಬುದು ಅಕ್ಕಂದಿರಿಗೆ ಬೇಗ ತಿಳಿಯುತ್ತದೆ. ಬೂದಿ ತಿಕ್ಕಿದ ಆ ಸಂತೆಯ ಕಂಬಳಿ ಐದು ವರ್ಷದಿಂದ ಅಲ್ಲೇ ಇತ್ತು. ಬಿಸಾಡಲೂ ಮನಸ್ಸಾಗದೆ, ಹೊದೆಯಲೂ ಮುಖವಿಲ್ಲದೆ.

ಕರಿಯಕ್ಕ ಹಾಸಿಗೆಯ ಪಕ್ಕ ಕೂತು ಹೊನ್ನಕ್ಕನ ಅಂಗಾಲು ತಿಕ್ಕತೊಡಗಿದಳು. ತಿರುಗಿ ನೋಡದೆಯೇ ಅಂದಳು:

“ಸುಳ್ಳು ಜ್ವರಕ್ಕೆ ನಿಜವಾದ ಕಂಬ್ಳಿ ಕೊಟ್ಟಿದ್ದೆ. ನಿಜವಾದ ಜ್ವರಕ್ಕೆ ಆ ಸುಳ್ಳು ಕಂಬ್ಳಿನಾದ್ರೂ ಇಳಿಸ್ಲಾ ಮಾರ.”

ಮಾರಣ್ಣ ಏಣಿ ಇಟ್ಟು ಹತ್ತಿದ. ಕಂಬಳಿ ಕೈಗೆ ಸಿಗುವಂತೆ ಮುಂದೆಯೇ ಇತ್ತು. ಆದರೂ ಅವನು ಹುಡುಕುವವನಂತೆ ಅಟ್ಟದೊಳಕ್ಕೆ ತಲೆಯಿಟ್ಟುಕೊಂಡು, ಕೆಳಗೆ ಇಳಿಯಲು ಬಹಳ ಹೊತ್ತು ತೆಗೆದುಕೊಂಡ.